ಧೂಳಿನ ಮರೆಯ ತಾರೆಗಳಿಗೆ ಮೇಸರ್ ಅಳತೆಗೋಲು

ನಕ್ಷತ್ರಗಳು ಜನಿಸುವುದು ಅನಿಲ ಹಾಗೂ ಧೂಳಿನ ದಟ್ಟ ಮೋಡಗಳ ಒಡಲಿನಲ್ಲಿ. ಕಣ್ಣಿಗೆ ಕಾಣುವ ಬೆಳಕು ಆ ಧೂಳನ್ನು ದಾಟಿ ಬರಲಾರದು. ರೇಡಿಯೋ ತರಂಗಗಳು ದಾಟಿ ಬರುತ್ತವೆ. 1965ರಲ್ಲಿ ಅಮೆರಿಕದ ಖಗೋಳವಿಜ್ಞಾನಿ ಹೆರಾಲ್ಡ್ ವೀವರ್ ಮತ್ತು ಸಂಗಡಿಗರು ಮಹಾವ್ಯಾಧ ನೀಹಾರಿಕೆಯೇ ಮೊದಲಾದ ಕಡೆಗಳಿಂದ 18 ಸೆಂಟಿಮೀಟರ್ ತರಂಗಾಂತರದ ಪ್ರಬಲ ಸಂಕೇತವೊಂದನ್ನು ಗ್ರಹಿಸಿದರು. ಅದು ಯಾವ ವಸ್ತುವಿನದೆಂದು ತಿಳಿಯದೆ 'ಮಿಸ್ಟೀರಿಯಂ' ಎಂದು ಹೆಸರಿಟ್ಟರು. ಹೊಸ ವಸ್ತುವೇನೂ ಇರಲಿಲ್ಲ. ಆಮ್ಲಜನಕ ಮತ್ತು ಜಲಜನಕದ ಒಂದೊಂದು ಪರಮಾಣು ಸೇರಿದ ಹೈಡ್ರಾಕ್ಸಿಲ್, ಅಷ್ಟೆ. ಬೆರಗು ಇದ್ದುದು ಅದರ ಪ್ರಖರತೆಯಲ್ಲಿ.

ಸಾಮಾನ್ಯವಾಗಿ ಅಣುಗಳು ಹೆಚ್ಚು ಸಂಖ್ಯೆಯಲ್ಲಿ ಕೆಳಗಿನ ಶಕ್ತಿಮಟ್ಟದಲ್ಲಿರುತ್ತವೆ. ನವಜಾತ ತಾರೆಯ ಸುತ್ತ ಅವಕೆಂಪು ವಿಕಿರಣವೋ ಅಣುಗಳ ಡಿಕ್ಕಿಯೋ ಈ ಲೆಕ್ಕವನ್ನು ತಲೆಕೆಳಗು ಮಾಡುತ್ತದೆ. ಆಗ ಹಾದುಹೋಗುವ ಒಂದು ತರಂಗ, ಮೇಲಿನ ಮಟ್ಟದ ಅಣುವನ್ನು ಕೆಳಗಿಳಿಸಿ ತನ್ನಂಥದೇ ಇನ್ನೊಂದು ತರಂಗವನ್ನು ಹೊರಡಿಸುತ್ತದೆ. ಒಂದು ಎರಡಾಗಿ, ಎರಡು ನಾಲ್ಕಾಗಿ ಸಂಕೇತ ವರ್ಧಿಸುತ್ತದೆ. ಇದೇ ಮೇಸರ್, ಅಂದರೆ ಲೇಸರ್‌ನ ರೇಡಿಯೋ ಸೋದರ. 1954ರಲ್ಲಿ ಚಾರ್ಲ್ಸ್ ಟೌನ್ಸ್ ಪ್ರಯೋಗಾಲಯದಲ್ಲಿ ಇದನ್ನು ಸಾಧಿಸುವುದಕ್ಕೆ ಬಹುಕಾಲ ಮೊದಲೇ ಆಕಾಶದಲ್ಲಿ ಅದು ನಡೆದೇ ಇತ್ತು! ನೀರಿನ ಅಣುಗಳೂ ಮೇಸರ್ ಆಗುತ್ತವೆ. ನಮ್ಮಲ್ಲಿ ಕಳ್ಳಭಟ್ಟಿ ದುರಂತಗಳಿಂದ ಕುಖ್ಯಾತವಾದ ಮೆಥನಾಲ್ ಕೂಡ.

ಇವುಗಳ ನಿಜವಾದ ಉಪಯೋಗ ದೂರದ ಅಳತೆ. ಪರ್ಸಿಯಸ್ ಸುರುಳಿ ತೋಳಿನಲ್ಲಿರುವ 'ಡಬ್ಲ್ಯು3 ಓಎಚ್' ಎಂಬ ತಾರಾಜನ್ಮಸ್ಥಾನವನ್ನೇ ನೋಡಿ. ಅನಿಲದ ವೇಗ ಆಧರಿಸಿದ ಲೆಕ್ಕ ಅದನ್ನು ಸುಮಾರು 14,000 ಜ್ಯೋತಿರ್ವರ್ಷ ದೂರದಲ್ಲಿರಿಸಿದರೆ, ನೆರೆಯ ತಾರೆಗಳ ಪ್ರಕಾಶ ಆಧರಿಸಿದ ಲೆಕ್ಕ ಅದರ ಅರ್ಧದಷ್ಟೇ ಹೇಳುತ್ತಿತ್ತು. ದೂರ ಇಮ್ಮಡಿಯೆಂದರೆ ನಿಜಪ್ರಕಾಶ ನಾಲ್ಮಡಿ. ತಾರೆಯ ದ್ರವ್ಯರಾಶಿಯ ಅಂದಾಜೂ ಅದರೊಂದಿಗೆ ಏರುಪೇರು.

2006ರಲ್ಲಿ ಯೆ ಷು, ಮಾರ್ಕ್ ರೀಡ್ ಮತ್ತಿತರರು ವಿವಾದ ಬಗೆಹರಿಸಿದರು. ಹವಾಯಿಯಿಂದ ಕೆರಿಬಿಯನ್ ದ್ವೀಪದವರೆಗೆ ಹರಡಿರುವ 10 ರೇಡಿಯೋ ದೂರದರ್ಶಕಗಳನ್ನು ಒಂದಾಗಿ ದುಡಿಸಿ, ಅಲ್ಲಿನ ಮೆಥನಾಲ್ ಮೇಸರ್‌ಗಳ ಸ್ಥಾನವನ್ನು ವರ್ಷದುದ್ದಕ್ಕೂ ಅಳೆದರು. ಚಾಚಿದ ಬೆರಳನ್ನು ಒಂದೊಂದೇ ಕಣ್ಣಿನಿಂದ ನೋಡಿದರೆ ಬೆರಳು ಸರಿದಂತೆ ತೋರುವುದಿಲ್ಲವೇ? ಹಾಗೆಯೇ ಭೂಮಿ ಸೂರ್ಯನನ್ನು ಸುತ್ತುವಾಗ ಮೇಸರ್‌ಗಳು, ಹಿನ್ನೆಲೆಯ ಅತಿದೂರದ ಆಕರಗಳೆದುರು ತುಸುವೇ ಸರಿದಂತೆ ಕಂಡವು. ಸಿಕ್ಕ ಉತ್ತರ ಸುಮಾರು 6,400 ಜ್ಯೋತಿರ್ವರ್ಷ. ಅಲ್ಲಿನ ಅನಿಲ ನಿರೀಕ್ಷಿತ ವೃತ್ತಪಥ ಬಿಟ್ಟು ಚಲಿಸುತ್ತಿದ್ದುದೇ ಹಳೆಯ ಲೆಕ್ಕ ತಪ್ಪಲು ಕಾರಣವಾಗಿತ್ತು.

2019ರ ವೇಳೆಗೆ ಇಂತಹ ಸುಮಾರು 200 ಅಳತೆಗಳು ಕೂಡಿಬಂದು ಆಕಾಶಗಂಗೆಯ ಸುರುಳಿ ತೋಳುಗಳ ನಕ್ಷೆ ಸ್ಪಷ್ಟವಾಯಿತು. ಆದರೆ ಬಳಸಿದ ದೂರದರ್ಶಕಗಳೆಲ್ಲ ಬಹುಪಾಲು ಉತ್ತರಾರ್ಧಗೋಳದವು. ದಕ್ಷಿಣದಿಂದಷ್ಟೇ ಚೆನ್ನಾಗಿ ಕಾಣುವ ಭಾಗ ಆ ನಕ್ಷೆಯಲ್ಲಿ ಹೆಚ್ಚುಕಡಿಮೆ ಖಾಲಿ.