ದೆಹಲಿಯ ಹೊಗೆ, ಗುರುವಾಯನಕೆರೆಯ ಗ್ಯಾರೇಜು

ಬಿ.ಸಿ. ರೋಡಿನಿಂದ ಗುರುವಾಯನಕೆರೆಯವರೆಗೆ, ಅತ್ತ ಮೂಡುಬಿದಿರೆಯಲ್ಲೂ, ಹಳೆಯ ಮೆಕ್ಯಾನಿಕ್‌ಗಳಿಗೆ ಕಿವಿಯೇ ಮೀಟರು. ಕಾರ್ಬುರೇಟರಿನ ಸ್ಕ್ರೂ ಕಾಲು ಸುತ್ತು ತಿರುಗಿಸಿ, ಸದ್ದು ಆಲಿಸಿ, ಇನ್ನು ಚಾರ್ಮಾಡಿ ಘಾಟಿ ಹತ್ತಿಸಬಹುದು ಎಂದು ಬಾನೆಟ್ ಮುಚ್ಚುತ್ತಿದ್ದರು. ಆ ವಿದ್ಯೆಗೆ ಕುತ್ತು ಬಂದದ್ದು ದೆಹಲಿಯಿಂದ.

ವಕೀಲ ಎಂ.ಸಿ. ಮೆಹ್ತಾ ಹೂಡಿದ್ದ ವಾಯುಮಾಲಿನ್ಯದ ಮೊಕದ್ದಮೆಯಲ್ಲಿ 1999ರ ಏಪ್ರಿಲ್ 29ರಂದು ಸುಪ್ರೀಂ ಕೋರ್ಟ್ ಆದೇಶ ಕೊಟ್ಟಿತು: ರಾಜಧಾನಿ ವಲಯದಲ್ಲಿ 2000ದ ಏಪ್ರಿಲ್‌ನಿಂದ ಯೂರೋ-2 ಮಟ್ಟದ ಖಾಸಗಿ ಕಾರುಗಳಿಗಷ್ಟೇ ನೋಂದಣಿ. ಕಾರ್ಬುರೇಟರಿನ ಜಾಗಕ್ಕೆ ಮಾರುತಿ ಕಾರುಗಳಿಗೆ ಎಂಪಿಎಫ್‌ಐ ಬಂತು, ಅಂದರೆ ಇಸಿಯು ಎಂಬ ಕಂಪ್ಯೂಟರ್ ಅಳೆದು ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆ. ದೆಹಲಿಯ ಕೆಮ್ಮಿಗೆ ಮಾಡಿದ ಮದ್ದು ನಮ್ಮೂರಿನ ಗ್ಯಾರೇಜಿಗೂ ತಲುಪಿತು. ಆ ಎಂಪಿಎಫ್‌ಐನಲ್ಲೊಂದು ಪುಟ್ಟ ಕಪ್ಪು ಡಬ್ಬಿ, ಥ್ರಾಟಲ್ ಪೊಸಿಷನ್ ಸೆನ್ಸರ್: ಇಂಜಿನ್‌ಗೆ ಗಾಳಿ ಬಿಡುವ ಥ್ರಾಟಲ್ ಎಷ್ಟು ತೆರೆದಿದೆಯೆಂದು ಇಸಿಯುಗೆ ಹೇಳುವುದು ಇದರ ಕೆಲಸ. ಇದರ ಪೂರ್ವಜನೂ ಹೊಗೆಯ ಕೂಸೇ. ಅಮೆರಿಕದ ಹೊಗೆ ನಿಯಮಕ್ಕೆಂದು 1967ರಲ್ಲಿ ಫೋಕ್ಸ್‌ವ್ಯಾಗನ್ 1600ಕ್ಕೆ ಬಾಷ್ ಜೋಡಿಸಿದ ಡಿ-ಜೆಟ್ರಾನಿಕ್‌ನಲ್ಲಿ ಥ್ರಾಟಲ್‌ಗೆ ಸ್ವಿಚ್ ಇತ್ತು.

ನಮ್ಮ ಕಡೆಯ ನಿಜವಾದ ಪಜೀತಿ ಮಾರುತಿ ಜಿಪ್ಸಿಯದು. 1985ರ ಜಿಪ್ಸಿಗೆ 970 ಸಿಸಿಯ ಕಾರ್ಬುರೇಟರ್ ಇಂಜಿನ್, ಘಟ್ಟದಲ್ಲಿ ಏದುಸಿರು. ಅದನ್ನು ಇಳಿಸಿ ಎಸ್ಟೀಮ್ ಕಾರಿನ 1300 ಸಿಸಿ ಎಂಪಿಎಫ್‌ಐ ಕೂರಿಸುವುದು ದೇಶದುದ್ದಕ್ಕೂ ಜಿಪ್ಸಿ ಪ್ರಿಯರ ಹಳೆಯ ಖಯಾಲಿ. ಇಂಜಿನ್ ಕೂತರೂ ಗಾಡಿ ಜಗ್ಗುತ್ತದೆ. ಆಗ ಎಲ್ಲರೂ ಬೈಯುವುದು ಸೆನ್ಸರನ್ನು. ತಪ್ಪು ಬಹುಪಾಲು ಕೇಬಲ್‌ನದು. ಹಳೆಯ ಪೆಡಲಿನ ಕೇಬಲ್ ಬಿಗಿಯಾದರೆ ಥ್ರಾಟಲ್ ಪೂರ್ತಿ ಮುಚ್ಚುವುದಿಲ್ಲ. ಕಾಲು ತೆಗೆದದ್ದು ಇಸಿಯುಗೆ ತಿಳಿಯುವುದೇ ಇಲ್ಲ. ಸಡಿಲವಾದರೆ ಪೂರ್ತಿ ತೆರೆಯುವುದಿಲ್ಲ. ಮೊದಲು ಕೇಬಲ್ ಸರಿಪಡಿಸಿ. ಇಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ, ಮಲ್ಟಿಮೀಟರ್ ಹಿಡಿಯಿರಿ. ಸೆನ್ಸರಿನ ಮೂರು ತಂತಿಗಳಲ್ಲಿ ಒಂದು 5 ವೋಲ್ಟ್, ಒಂದು ಅರ್ಥ್, ಮೂರನೆಯದು ಸಿಗ್ನಲ್. ಥ್ರಾಟಲ್ ಮುಚ್ಚಿದಾಗ ಸಿಗ್ನಲ್ ಸುಮಾರು ಅರ್ಧ ವೋಲ್ಟ್, ಪೆಡಲ್ ಪೂರ್ತಿ ಒತ್ತಿದಾಗ ನಾಲ್ಕರ ಆಸುಪಾಸು. ನಡುವೆ ಒಮ್ಮೆಯೂ ತಟಕ್ಕನೆ ಬೀಳಬಾರದು. ಬಿದ್ದರೆ ಒಳಗಿನ ಕಾರ್ಬನ್ ಪಟ್ಟಿ ಸವೆದಿದೆ. ಸ್ಕ್ರೂ ತೂತು ಉದ್ದವಾಗಿದ್ದರೆ ಸೆನ್ಸರನ್ನು ತುಸು ತಿರುಗಿಸಿ ಅರ್ಧ ವೋಲ್ಟಿಗೆ ನಿಲ್ಲಿಸಬಹುದು. ನಮ್ಮ ಮಳೆಗೆ ಕನೆಕ್ಟರ್ ಹಸಿರು ಕಟ್ಟುತ್ತದೆ, ಅದನ್ನೂ ನೋಡಿ.

ಕಾರ್ಬುರೇಟರಿನವರ ಜಗಳ ನನಗೆ ಗೊತ್ತು: ಪೆಡಲ್ ಒತ್ತಿದೊಡನೆ ಪೆಟ್ರೋಲ್ ಚಿಮ್ಮಲು ನಮ್ಮಲ್ಲಿ ಎಕ್ಸಲರೇಟರ್ ಪಂಪ್ ಇರಲಿಲ್ಲವೇ? ಇತ್ತು, ಬಿಚ್ಚಿ ರಿಪೇರಿಯನ್ನೂ ಮಾಡುತ್ತಿದ್ದರು. ಈ ಡಬ್ಬಿ ಕೆಟ್ಟರೆ ಬಿಸಾಡಿ ಹೊಸದು ಹಾಕುತ್ತಾರೆ. ನನಗೆ ಸಿಟ್ಟು ಬರುವುದು ಇದಕ್ಕೇ.

ಇನ್ನೊಂದು ಮಾತು. ಕಂಪನಿ ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನ ಬದಲಿಸಕೂಡದೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಇಂಜಿನ್ ಬದಲಿಸಲು ಆರ್‌ಟಿಒ ಪೂರ್ವಾನುಮತಿ ಬೇಕು. ಸೆನ್ಸರ್ ಕೊಳ್ಳುವ ಮೊದಲು ಅಲ್ಲಿಗೊಮ್ಮೆ ಹೋಗಿ ಬನ್ನಿ.