ಪ್ರೊಸೆಸ್‌ಗಳ ಹುಟ್ಟಿಗೆ ಕಡಿವಾಣ

ವೈಟ್‌ಫೀಲ್ಡಿನ ಐಟಿಪಿಎಲ್ ಇರಲಿ, ಎಲೆಕ್ಟ್ರಾನಿಕ್ ಸಿಟಿಯ ಕ್ಯಾಂಪಸ್‌ಗಳಿರಲಿ, ಅಲ್ಲಿ ಹಗಲಿರುಳು ನಡೆಯುವ ಕೆಲಸದ ದೊಡ್ಡ ಪಾಲು ಲಿನಕ್ಸ್ ಸರ್ವರ್‌ಗಳನ್ನು ನಂಬಿಕೊಂಡಿದೆ. ಒಂದು ಸರ್ವರಿನಲ್ಲಿ ಹತ್ತಾರು ಕಂಟೇನರ್‌ಗಳಿರುತ್ತವೆ: ಒಂದರಲ್ಲಿ ಬ್ಯಾಂಕಿನ ಲೆಕ್ಕ, ಪಕ್ಕದ್ದರಲ್ಲಿ ಬಸ್ ಟಿಕೆಟ್ ಬುಕಿಂಗ್. ಎಲ್ಲಕ್ಕೂ ಕರ್ನಲ್ ಮಾತ್ರ ಒಂದೇ. ಯಾರ ಪಾಲು ಎಷ್ಟು ಎಂದು ಕರ್ನಲ್ ಕಟ್ಟುನಿಟ್ಟಾಗಿ ನೋಡಿಕೊಳ್ಳುವ ವ್ಯವಸ್ಥೆಗೆ ಸಿಗ್ರೂಪ್ ಎಂದು ಹೆಸರು.

ಇದರ ಕೆಲಸ 2006ರಲ್ಲಿ ಶುರುವಾಯಿತು. ಗೂಗಲ್‌ನ ಪಾಲ್ ಮೆನೇಜ್ ಮತ್ತು ರೋಹಿತ್ ಸೇಠ್ ಆರಂಭಿಸಿದ ಈ ಯೋಜನೆ 2008ರ ಜನವರಿಯಲ್ಲಿ ಲಿನಕ್ಸ್ 2.6.24ರೊಳಗೆ ಬಂತು. ಆದರೆ ಚೌಕಟ್ಟು ಬಂದರಷ್ಟೇ ಸಾಕೇ? ಗುಂಪುಗಳ ನಡುವೆ ಸಿಪಿಯು ಸಮಯ ಹಂಚುವ ಭಾಗ ಬರೆದವರು ಶ್ರೀವತ್ಸ ವಡ್ಡಗಿರಿ. ಮೆಮೊರಿಗೆ ಮಿತಿ ಹಾಕುವ ಭಾಗ ಬರೆದು, ಅದನ್ನು 2008ರ ಏಪ್ರಿಲ್‌ನ 2.6.25ಕ್ಕೆ ಸೇರಿಸಿದವರು ಬಲಬೀರ್ ಸಿಂಗ್. ಇಬ್ಬರೂ ಆಗ ಐಬಿಎಂನ ಬೆಂಗಳೂರಿನ ಲಿನಕ್ಸ್ ಟೆಕ್ನಾಲಜಿ ಸೆಂಟರ್‌ನವರು. ಕರ್ನಲ್‌ನ ಮೂಲ ಫೈಲುಗಳ ತಲೆಬರಹದಲ್ಲಿ ಅವರ ಹೆಸರುಗಳಿವೆ. ನಮ್ಮೂರು ಹೊರಗಿನವರ ಸಾಫ್ಟ್‌ವೇರ್ ರಿಪೇರಿ ಮಾಡುವುದಕ್ಕಷ್ಟೇ ಸೈ ಎನ್ನುವವರು ಆ ಫೈಲುಗಳನ್ನೊಮ್ಮೆ ತೆರೆದು ನೋಡಬೇಕು.

ಸಿಪಿಯು ಆಯಿತು, ಮೆಮೊರಿ ಆಯಿತು. ಲೆಕ್ಕಕ್ಕೆ ಸಿಗದೆ ಉಳಿದದ್ದು ಪ್ರೊಸೆಸ್‌ಗಳ ತಲೆ ಎಣಿಕೆ.

ಪ್ರತಿ ಪ್ರೊಸೆಸ್‌ಗೂ ಕರ್ನಲ್ ಒಂದು ನಂಬರ್ ಕೊಡುತ್ತದೆ. ಈ ನಂಬರುಗಳ ಗರಿಷ್ಠ ಮಿತಿ ಬಹುಕಾಲ 32,768 ಆಗಿತ್ತು. ಒಂದು ಪ್ರೊಸೆಸ್ ಎರಡಾಗಿ, ಎರಡು ನಾಲ್ಕಾಗಿ ಹೋದರೆ ಹದಿನೈದೇ ಸುತ್ತಿನಲ್ಲಿ ಆ ಸಂಖ್ಯೆ ಮುಟ್ಟುತ್ತದೆ. ಹೀಗೆ ಕೊನೆಯಿಲ್ಲದೆ ತನ್ನನ್ನೇ ಹುಟ್ಟಿಸಿಕೊಳ್ಳುವ ಪ್ರೋಗ್ರಾಮಿಗೆ ಫೋರ್ಕ್ ಬಾಂಬ್ ಎನ್ನುತ್ತಾರೆ. ಅದನ್ನು ಬರೆಯಲು ಒಂದೇ ಸಾಲು ಸಾಕು. ಒಂದೊಂದು ಪ್ರೊಸೆಸ್ ಬಳಸುವ ಮೆಮೊರಿ ಅತ್ಯಲ್ಪವಾದ್ದರಿಂದ ಮೆಮೊರಿಯ ಮಿತಿ ಮುಟ್ಟುವ ಮೊದಲೇ ನಂಬರುಗಳು ಖಾಲಿಯಾಗಬಹುದು.

ಆಮೇಲಿನ ಪಾಡು ಆಪರೇಷನ್ಸ್‌ನವರದು. ರಿಪೇರಿಗೆಂದು ಲಾಗಿನ್ ಆಗಲು ಹೋದರೆ ಅದಕ್ಕೂ ಹೊಸ ಪ್ರೊಸೆಸ್ ಬೇಕು, ಸಿಗುವುದಿಲ್ಲ. ಮೊದಲೇ ತೆರೆದಿಟ್ಟ ಟರ್ಮಿನಲ್ ಇದ್ದರೂ ಪ್ರೊಸೆಸ್‌ಗಳ ಪಟ್ಟಿ ತೋರಿಸುವ ಪಿಎಸ್ ಕಮಾಂಡ್ ಓಡುವುದಿಲ್ಲ. ಕಿಲ್ ಕಮಾಂಡ್ ಮಾತ್ರ ಬ್ಯಾಶ್ ಶೆಲ್‌ನೊಳಗೇ ಅಡಕವಾಗಿರುವುದರಿಂದ ನಡೆಯುತ್ತದೆ. ಆದರೆ ಪಟ್ಟಿಯೇ ಕಾಣದಿದ್ದರೆ ಕೊಲ್ಲುವುದು ಯಾವುದನ್ನು?

ಫ್ರೆಡೆರಿಕ್ ವೈಸ್‌ಬೆಕರ್ 2011ರ ಹೊತ್ತಿಗೆ ಇದಕ್ಕೊಂದು ಪರಿಹಾರ ಮುಂದಿಟ್ಟರೂ ಅದು ಕರ್ನಲ್‌ಗೆ ಸೇರಲಿಲ್ಲ. ಕೊನೆಗೆ ಅಲೆಕ್ಸಾ ಸರಾಯ್ ಬರೆದ ಪಿಡ್ಸ್ ಕಂಟ್ರೋಲರ್ 2015ರ ನವೆಂಬರ್‌ನಲ್ಲಿ, ಲಿನಕ್ಸ್ 4.3ರ ಜೊತೆ ಬಂತು. ಬಳಕೆ ಸರಳ: ಗುಂಪಿನ 'ಪಿಡ್ಸ್.ಮ್ಯಾಕ್ಸ್' ಫೈಲಿನಲ್ಲಿ 200 ಎಂದು ಬರೆದರೆ ಇನ್ನೂರು ತುಂಬಿದ ಮೇಲೆ ಹೊಸದು ಹುಟ್ಟುವುದಿಲ್ಲ. ಥ್ರೆಡ್‌ಗಳೂ ಈ ಎಣಿಕೆಯಲ್ಲಿ ಬರುತ್ತವೆ. ತನ್ನ ಗುಂಪಿನಲ್ಲಿ ಜಾಗವಿದ್ದರೂ ಮೇಲಿನ ಗುಂಪಿನ ಮಿತಿ ಮುಗಿದಿದ್ದರೆ ಬೇಡಿಕೆ ತಿರಸ್ಕೃತವಾಗುತ್ತದೆ. ಪೀಣ್ಯದಲ್ಲಿ ಒಂದು ಶೆಡ್‌ನ ಎಂಸಿಬಿ ಬಿದ್ದರೆ ಪಕ್ಕದ ಶೆಡ್‌ನ ಲೇತ್ ನಿಲ್ಲದ ಹಾಗೆಯೇ, ಒಂದು ಗುಂಪು ತನ್ನ ಮಿತಿ ಮುಟ್ಟಿದರೆ ಪಕ್ಕದ ಗುಂಪಿನ ಕೆಲಸ ನಿಲ್ಲುವುದಿಲ್ಲ. ಒಂದೇ ವ್ಯತ್ಯಾಸ, ಇಲ್ಲಿ ಮಿತಿ ಮುಟ್ಟಿದ ಗುಂಪಿನಲ್ಲೂ ಈಗಾಗಲೇ ಓಡುತ್ತಿರುವ ಪ್ರೊಸೆಸ್‌ಗಳನ್ನು ಕರ್ನಲ್ ನಿಲ್ಲಿಸುವುದಿಲ್ಲ.

ಇದೆಲ್ಲ ಕಿಡಿಗೇಡಿಗಳ ಕಾಟ ತಡೆಯಲಷ್ಟೇ ಅಲ್ಲ. ಥ್ರೆಡ್ ತೆರೆದು ಮುಚ್ಚದೆ ಬಿಡುವ ಜಾವಾ ಪ್ರೋಗ್ರಾಮ್ ಕೂಡ ಇದೇ ಮಿತಿಗೆ ಬಂದು ಬಡಿಯುತ್ತದೆ. ಆಗ ಜಾವಾ ತೋರಿಸುವ ದೋಷದ ಹೆಸರು 'ಔಟ್ ಆಫ್ ಮೆಮೊರಿ'. ಅದನ್ನು ನಂಬಿ ಮೆಮೊರಿ ಹೆಚ್ಚಿಸಿದರೆ ದುಡ್ಡು ದಂಡ. ಇಂಥ ಹೊತ್ತಿನಲ್ಲಿ ಮೊದಲು ನೋಡಬೇಕಾದದ್ದು 'ಪಿಡ್ಸ್.ಇವೆಂಟ್ಸ್' ಫೈಲನ್ನು, ಈ ಮಿತಿಯಿಂದಾಗಿ ಎಷ್ಟು ಸಲ ಹುಟ್ಟು ತಪ್ಪಿದೆ ಎಂಬ ಲೆಕ್ಕ ಅಲ್ಲಿರುತ್ತದೆ.

ಕಂಟೇನರ್‌ಗಳನ್ನು ನಿರ್ವಹಿಸುವ ಕುಬರ್ನೆಟಿಸ್‌ನಲ್ಲಿ ಈ ಮಿತಿ ಹಾಕುವ ಸೌಲಭ್ಯ 2020ರ ಡಿಸೆಂಬರ್‌ನ 1.20ರ ಹೊತ್ತಿಗೆ ಪೂರ್ಣ ಬಳಕೆಗೆ ಸಿದ್ಧವಾಯಿತು. ಡಾಕರ್‌ನಲ್ಲೂ ಇದೆ, ಆದರೆ ನಾವಾಗಿ ಕೇಳದಿದ್ದರೆ ಅದು ಮಿತಿ ಹಾಕುವುದಿಲ್ಲ. ಸರ್ವರ್ ನೋಡಿಕೊಳ್ಳುವವರು ತಮ್ಮ ಕಂಟೇನರ್‌ಗಳ 'ಪಿಡ್ಸ್.ಮ್ಯಾಕ್ಸ್' ಫೈಲನ್ನು ಇವತ್ತೇ ತೆರೆದು ನೋಡಲಿ. ಅಲ್ಲಿ ಬರೀ 'ಮ್ಯಾಕ್ಸ್' ಎಂದಿದ್ದರೆ ಆ ಕಂಟೇನರ್‌ಗೆ ಮಿತಿ ಗೊತ್ತುಮಾಡಿಲ್ಲ ಎಂದರ್ಥ. ಕೆಲಸಕ್ಕೆ ತಕ್ಕ ಒಂದು ಸಂಖ್ಯೆಯನ್ನು ಆಗಲೇ ನಿಗದಿ ಮಾಡಿಬಿಡಲಿ.