ಒಣ ಬೊಂಡಾಸದ ಬಿಳಿ ಪುಡಿ

ಜಪಾನಿನ ಅಂಗಡಿಗಳಲ್ಲಿ ಸುರುಮೆ ಎಂಬ ತಿನಿಸು ಸಿಗುತ್ತದೆ. ಹೊಟ್ಟೆ ಸೀಳಿ, ಹಾಳೆಯಂತೆ ಚಪ್ಪಟೆಯಾಗಿ ಒಣಗಿಸಿದ ಸ್ಕ್ವಿಡ್. ಮಲ್ಪೆಯ ಬಲೆಗೆ ಬೀಳುವ ಬೊಂಡಾಸದ ದಾಯಾದಿ. ಅದರ ಮೈಮೇಲೆ ತೆಳ್ಳಗೆ ಬಿಳಿ ಪುಡಿ ಕೂತಿರುತ್ತದೆ. ಬೂಸಲು ಹಿಡಿದಿದೆಯೆಂದು ಎಸೆದುಬಿಡುವವರುಂಟು. ಮುಗ್ಗಲು ವಾಸನೆ, ತುಪ್ಪಳದಂಥ ಎಳೆ ಇದ್ದರೆ ಎಸೆಯಬೇಕಾದದ್ದೇ. ಇಲ್ಲದಿದ್ದರೆ ಅದು ಮುಖ್ಯವಾಗಿ ಟಾರಿನ್ ಎಂಬ ಅಮೈನೋ ಆಮ್ಲ, ಮಾಂಸದೊಳಗಿನ ನೀರು ಆರುವಾಗ ಜೊತೆಗೆ ಹೊರಬಂದದ್ದು.

ಸ್ಕ್ವಿಡ್‌ಗೆ ಅದೇಕೆ ಬೇಕು? ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿದೆ. ಅದರಲ್ಲಿ ಬದುಕುವ ಜೀವಕೋಶದ ನೀರೆಲ್ಲ ಹೊರಗೆ ಸೋರಿಹೋಗಬೇಕು. ಬಂಗುಡೆ, ಬೂತಾಯಿಯಂಥ ಮೀನುಗಳು ಸಮುದ್ರವನ್ನೇ ಕುಡಿದು, ಹೆಚ್ಚಾದ ಉಪ್ಪನ್ನು ಕಿವಿರುಗಳಿಂದ ಹೊರದಬ್ಬುತ್ತವೆ. ಸ್ಕ್ವಿಡ್ ಆ ತಂಟೆಗೆ ಹೋಗುವುದಿಲ್ಲ. ಅದರ ರಕ್ತದ ಸಾಂದ್ರತೆ ಹೆಚ್ಚುಕಡಿಮೆ ಕಡಲಿನಷ್ಟೇ. ಜೀವಕೋಶಗಳೊಳಗೆ ಟಾರಿನ್, ಗ್ಲೈಸಿನ್, ಪ್ರೋಲಿನ್‌ಗಳನ್ನು ತುಂಬಿಕೊಂಡು ನೀರನ್ನು ಹಿಡಿದಿಡುತ್ತದೆ. ಗ್ಲೈಸಿನ್ ನಾಲಿಗೆಗೆ ಸಿಹಿ. ಸುರುಮೆ ಅಗಿದಷ್ಟೂ ರುಚಿ ಬಿಡುವುದರ ಗುಟ್ಟಿನಲ್ಲಿ ಅದರದೂ ಪಾಲಿದೆ.

ಟಾರಿನ್ನನ್ನು 1827ರಲ್ಲಿ ಮೊದಲು ಬೇರ್ಪಡಿಸಿದ್ದು ಎತ್ತಿನ ಪಿತ್ತರಸದಿಂದ. ಆಹಾರದಲ್ಲಿ ಅದು ಸಿಗದಿದ್ದರೆ ಬೆಕ್ಕಿನ ಕಣ್ಣು, ಹೃದಯ ಎರಡೂ ಕೆಡುತ್ತವೆ. ನಮ್ಮ ದೇಹವೋ ಬೇಕಾದಷ್ಟನ್ನು ತಾನೇ ತಯಾರಿಸಿಕೊಳ್ಳಬಲ್ಲದು. ಹಾಗಾಗಿ ಪುಡಿಯನ್ನು ಒರೆಸುವುದೂ ಬೇಡ, ಔಷಧಿಯೆಂದು ನೆಕ್ಕುವುದೂ ಬೇಡ.

ನಿಜವಾದ ಲಾಭ ಪ್ರೋಟೀನಿನದು. ಹಸಿ ಸ್ಕ್ವಿಡ್‌ನಲ್ಲಿ ಶೇ. 80ರಷ್ಟು ನೀರು, 100 ಗ್ರಾಂಗೆ ಸುಮಾರು 18 ಗ್ರಾಂ ಪ್ರೋಟೀನ್. ಒಣಗಿದಾಗ ನೀರು ಶೇ. 20ಕ್ಕೆ ಇಳಿದು ಪ್ರೋಟೀನ್ 69 ಗ್ರಾಂಗೆ ಏರುತ್ತದೆ. ಬಿಸಿಲೇನೂ ಹೊಸದಾಗಿ ಸೇರಿಸಿಲ್ಲ. ಕೊಲೆಸ್ಟರಾಲ್ ಕೂಡ ಅದೇ ಲೆಕ್ಕದಲ್ಲಿ ಏರಿ 980 ಮಿಲಿಗ್ರಾಂ ಆಗಿರುತ್ತದೆ. ಆದರೆ 100 ಗ್ರಾಂ ಸುರುಮೆ ಅಗಿಯಲು ಯಾರ ದವಡೆಗೂ ಸಾಧ್ಯವಿಲ್ಲ. 20 ಗ್ರಾಂ ತಿಂದರೆ 14 ಗ್ರಾಂ ಪ್ರೋಟೀನ್, ಒಂದು ಕೋಳಿಮೊಟ್ಟೆಯಷ್ಟು ಕೊಲೆಸ್ಟರಾಲ್.

ಕೆಂಡದ ಮೇಲೆ ಬಾಡಿಸಿದ ಸುರುಮೆಯನ್ನು ಉದ್ದಕ್ಕೆ ಸೀಳಲು ಹೋದರೆ ಜಗ್ಗುವುದಿಲ್ಲ, ಅಡ್ಡಕ್ಕೆ ಸೀಳಿದರೆ ಎಳೆಎಳೆಯಾಗಿ ಬಿಚ್ಚಿಕೊಳ್ಳುತ್ತದೆ. ಸ್ಕ್ವಿಡ್ ತನ್ನ ಮೈಚೀಲವನ್ನು ಹಿಂಡಿ, ನೀರು ಚಿಮ್ಮಿಸಿ ಈಜುವ ಪ್ರಾಣಿ. ಹಿಂಡುವ ಸ್ನಾಯುಗಳು ಮೈಯನ್ನು ಬಳೆಯಂತೆ ಸುತ್ತಿವೆ. ಸೀಳು ಅವುಗಳ ಜಾಡು ಹಿಡಿಯುತ್ತದೆ.

ಸೀಳುವ ಕೆಲಸವನ್ನೂ ಕಾರ್ಖಾನೆಗೆ ಬಿಟ್ಟು ಸಾಕಿಇಕಾ ಎಂಬ ಸೀಳಿದ ಎಳೆಗಳ ಪೊಟ್ಟಣ ಕೊಳ್ಳುವವರೂ ಉಂಟು. ಅದಕ್ಕೆ ಸಕ್ಕರೆ, ಉಪ್ಪು ಎರಡೂ ಸೇರಿರುತ್ತವೆ. 100 ಗ್ರಾಂನಲ್ಲಿ ಪ್ರೋಟೀನ್ ಸುಮಾರು 45 ಗ್ರಾಂಗೆ ಕುಸಿದು, ಉಪ್ಪು ಸಾದಾ ಸುರುಮೆಯ ಎರಡೂವರೆ ಪಟ್ಟು ದಾಟಿ 7 ಗ್ರಾಂ ಹತ್ತಿರ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆನ್ನುತ್ತದೆ. ಮೆತ್ತಗಿರುವ ಈ ಎಳೆಗಳು ಮಾತಿನ ಭರದಲ್ಲಿ ಎಷ್ಟು ಹೊಟ್ಟೆ ಸೇರಿದವೆಂದು ಗೊತ್ತೇ ಆಗುವುದಿಲ್ಲ.